ಹಾಡುವವರಿಗೆ ಶಾಲು ಸಾಕೇ?

ಕರಾವಳಿಯ ಓದುಗರೊಬ್ಬರ ಕಾಗದದ ಸಾರ ಇಷ್ಟು: ‘ನಮ್ಮ ಚರ್ಚಿನ ಸಭೆಯಲ್ಲಿ ಹಾಡುಗಳಿಗೆ ಕೀಬೋರ್ಡ್ ನುಡಿಸುವ ಆರ್ಗನಿಸ್ಟ್ ತಮ್ಮ ತಿಂಗಳ ಗೌರವಧನವನ್ನು ಮೂರು ಸಾವಿರದಿಂದ ಎಂಟು ಸಾವಿರಕ್ಕೆ ಏರಿಸಬೇಕೆಂದು ಕೇಳಿದ್ದಾರೆ. ಚರ್ಚಿನ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯಲ್ಲಿ ನಾನೂ ಒಬ್ಬ. ದೇವರ ಮುಂದೆ ನುಡಿಸುವುದಕ್ಕೂ ರೇಟು ಕಟ್ಟಿದರೆ ಭಕ್ತಿ ಎಲ್ಲಿ ಉಳಿಯಿತು ಎಂಬುದು ನನ್ನ ವಾದ. ಕ್ವಾಯರಿನವರು, ಅಂದರೆ ಹಾಡುವ ತಂಡದವರು, ಬಿಡಿಗಾಸು ಕೇಳದೆ ಹಾಡುತ್ತಿಲ್ಲವೇ? ಸಂಗೀತದ ಬಗ್ಗೆ ಆಗಾಗ ಬರೆಯುವ ನೀವು ಏನನ್ನುತ್ತೀರಿ?’

ಕಾಗದ ಸೊಗಸಾಗಿದೆ, ಸ್ವಾಮಿ. ಕಮಿಟಿಯ ಜಗಳವನ್ನು ಇಷ್ಟು ಸೌಮ್ಯವಾಗಿ ಬರೆಯಬಲ್ಲವರು ಕಡಿಮೆ. ನಿಮ್ಮ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಬ್ಯಾಂಕಿನಲ್ಲೋ ಶಾಲೆಯಲ್ಲೋ ದಿನವಿಡೀ ದುಡಿದು ಸಂಜೆ ಅಭ್ಯಾಸಕ್ಕೆ ಓಡಿಬರುವ ಕ್ವಾಯರಿನವರ ಪ್ರೀತಿ ದೊಡ್ಡದು; ಅವರೆದುರು ಸಂಬಳದ ಮಾತೆತ್ತಿದರೆ ಅವರೇ ಬೇಸರಪಟ್ಟಾರು. ಸಣ್ಣ ಸಭೆಗಳ ಕಾಣಿಕೆ ಚೀಲ ಎಷ್ಟು ಹಗುರ ಎಂಬುದೂ ಗೊತ್ತು. ಅಲ್ಲಿಗೆ ನಿಮ್ಮ ಪಾಲಿನ ನ್ಯಾಯ ಮುಗಿಯಿತು.

ಇನ್ನು ಆ ಆರ್ಗನಿಸ್ಟರ ವಿಚಾರ. ನೀವು ಪ್ರತಿ ಭಾನುವಾರ ಅವರ ಬೆನ್ನನ್ನಷ್ಟೇ ನೋಡುತ್ತೀರಿ. ನನ್ನ ಪರಿಚಯದ ಒಬ್ಬರ ಪಕ್ಕ ನಾನು ಕೂತು ನೋಡಿದ್ದೇನೆ. ಕೀಬೋರ್ಡಿನ ಸ್ಟ್ಯಾಂಡಿಗೆ ಅಂಗೈಯಗಲದ ಕನ್ನಡಿಯೊಂದನ್ನು ಕಟ್ಟಿಕೊಂಡಿದ್ದರು. ರೊಟ್ಟಿ ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಹೊತ್ತಿನಲ್ಲಿ ಮೊಣಕಾಲೂರಲು ಇನ್ನೆಷ್ಟು ಸಾಲು ಬಾಕಿಯಿದೆ, ಇನ್ನೊಂದು ಚರಣ ಹಿಡಿಯಬೇಕೇ, ಇಲ್ಲಿಗೇ ನಿಲ್ಲಿಸಬೇಕೇ ಎಂಬುದೆಲ್ಲ ಆ ಕನ್ನಡಿಯಲ್ಲಿ ತೀರ್ಮಾನವಾಗುತ್ತಿತ್ತು. ಮದುವೆಗೆ ಹೆಣ್ಣಿನ ಕಾರು ತಡವಾದರೆ ಬಾಗಿಲ ಮೇಲೆ ಒಂದು ಕಣ್ಣಿಟ್ಟು ಅದೇ ರಾಗವನ್ನು ಹಿಗ್ಗಿಸುತ್ತ ಕೂರಬೇಕು. ವಯಸ್ಸಾದವರೇ ಹೆಚ್ಚಿರುವ ಬೆಳಗಿನ ಆರಾಧನೆಗೆ ಶ್ರುತಿಯನ್ನು ಅರ್ಧ ಮನೆ ಇಳಿಸಬೇಕು, ಇಳಿಸಿದ್ದು ಯಾರಿಗೂ ತಿಳಿಯದಂತೆ. ಅಭ್ಯಾಸದ ದಿನ ಟೆನರ್ ಸಾಲಿನವರು (ಗಂಡಸರ ಮೇಲ್ದನಿ) ಸೊಪ್ರಾನೊ (ಹೆಂಗಸರ ಮೇಲ್ದನಿ) ಹಿಂದೆ ಜಾರಿದರೆ ಎಳೆದು ತರಬೇಕು. ವಾರದ ನಡುವೆ ಸಾವಿನ ಸುದ್ದಿ ಬಂದರೆ ಕೆಲಸಕ್ಕೆ ಅರ್ಧ ದಿನ ರಜೆ ಹಾಕಬೇಕು. ಆ ಅರ್ಧ ದಿನದ ಸಂಬಳ ಕಡಿತ ಅವರದೇ, ನಿಮ್ಮ ಕಮಿಟಿಯದಲ್ಲ.

ಭಕ್ತಿಯ ಮಾತೆತ್ತಿದಿರಿ. ಸತ್ಯವೇದವನ್ನು, ಅಂದರೆ ಬೈಬಲನ್ನು, ನನಗಿಂತ ನೀವು ಹೆಚ್ಚು ಓದಿರುತ್ತೀರಿ, ಆದರೂ ನೆಹೆಮೀಯನ ಪುಸ್ತಕದ 13ನೆಯ ಅಧ್ಯಾಯವನ್ನು ಇನ್ನೊಮ್ಮೆ ತಿರುವಿ ನೋಡಿ. ಸಲ್ಲಬೇಕಾದ ಪಾಲು ಸಲ್ಲದ ಕಾರಣ ದೇವಾಲಯದ ಸೇವೆಯ ಲೇವಿಯರೂ ಹಾಡುವವರೂ ದೇವಾಲಯ ಬಿಟ್ಟು ತಂತಮ್ಮ ಹೊಲಗಳಿಗೆ ಓಡಿಹೋಗಿದ್ದರು. ಯೆಹೂದದ ರಾಜ್ಯಪಾಲನಾಗಿದ್ದ ನೆಹೆಮೀಯ ಯಾರನ್ನು ಗದರಿಸಿದ? ಓಡಿಹೋದ ಹಾಡುಗಾರರನ್ನಲ್ಲ, ಅಧಿಕಾರಿಗಳನ್ನು. ಅಂದಿನ ಕಮಿಟಿಯನ್ನು ಎಂದಿಟ್ಟುಕೊಳ್ಳಿ.

ಜರ್ಮನಿಯ ಸಂಗೀತಗಾರ ಬಾಖ್‌ನ ಕಥೆಯೂ ಇದೇ. ಲೈಪ್‌ಜಿಗ್ ನಗರಸಭೆಗೆ ಚರ್ಚುಗಳ ಸಂಗೀತ ನೋಡಿಕೊಳ್ಳಲು ಬೇಕಾಗಿದ್ದವನು ಟೆಲೆಮನ್, ಅವನು ಒಪ್ಪದಿದ್ದಾಗ ಗ್ರೌಪ್ನರ್. ಇಬ್ಬರೂ ಕೈಗೆ ಸಿಗದ ಮೇಲೆ 1723ರಲ್ಲಿ ಬಾಖ್‌ನನ್ನು ಕರೆದರು. 1730ರಲ್ಲಿ ಅವನು ಹಳೆಯ ಗೆಳೆಯನೊಬ್ಬನಿಗೆ ಬರೆದ ಕಾಗದ ಉಳಿದಿದೆ. ವರ್ಷದ ಆದಾಯ ಸುಮಾರು 700 ಥಾಲರ್ (ಅಂದಿನ ಬೆಳ್ಳಿ ನಾಣ್ಯ). ಊರಿನಲ್ಲಿ ಸಾವು ಹೆಚ್ಚಾದರೆ ಅಂತ್ಯಕ್ರಿಯೆಗಳ ಸಂಭಾವನೆಯಿಂದ ನಾಲ್ಕು ಕಾಸು ಹೆಚ್ಚು, ಊರ ಗಾಳಿ ಚೆನ್ನಾಗಿದ್ದರೆ ನಷ್ಟ. ಹಿಂದಿನ ವರ್ಷ ಹಾಗೆ 100 ಥಾಲರಿಗಿಂತ ಹೆಚ್ಚು ಖೋತಾ ಆಯಿತು ಎಂದು ಗೊಣಗಿದ್ದಾನೆ. ಅದೇ ವರ್ಷ ನಗರಸಭೆಗೆ ಮನವಿ ಬರೆದು, ಒಂದೊಂದು ಕ್ವಾಯರಿಗೆ ಕಡಿಮೆಯೆಂದರೂ 12 ಮಂದಿ ಬೇಕು, 16 ಆದರೆ ಮೇಲು ಎಂದು ಲೆಕ್ಕ ಕೊಟ್ಟ. ನಗರಸಭೆಯಲ್ಲಿ ಕೂತ ದೊಡ್ಡವರಿಗೋ ಅವನು ಕೆಲಸ ಮಾಡುವುದಿಲ್ಲ ಎಂಬ ದೂರು! ಇಂಥವನ ಭಕ್ತಿಯನ್ನು ನಿಮ್ಮ ಕಮಿಟಿ ಅಳೆಯುವುದಾದರೆ ಅಳೆಯಲಿ.

ನಮ್ಮ ನೆಲದ್ದೇ ಬೇಕೆಂದರೆ ಕಿಟೆಲ್ ಇದ್ದಾರೆ. 1894ರ ನಿಘಂಟಿನಿಂದ ನಾವು ಅವರನ್ನು ಬಲ್ಲೆವು. ಅದಕ್ಕೂ ಬಹಳ ಮುಂಚೆ, 1862ರಲ್ಲಿ, ಕ್ರಿಸ್ತನ ಕಥೆಯನ್ನು ಈ ನೆಲದ ಛಂದಸ್ಸಿಗೆ ಕೂರಿಸಿ ‘ಕಥಾಮಾಲೆ’ ಬರೆದವರು ಅವರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಕೊಟ್ಟರು. ಅವರನ್ನು ಇಲ್ಲಿಗೆ ಕಳುಹಿಸಿದ ಬಾಸೆಲ್ ಮಿಷನ್ ಊಟ ವಸತಿ ನೋಡಿಕೊಂಡಿದ್ದರಿಂದಲ್ಲವೇ ಆ ಕಲಿಕೆಗೆ ಪುರುಸೊತ್ತು ಸಿಕ್ಕಿದ್ದು? ನಾಳಿನ ಹೊಟ್ಟೆಪಾಡು ಯೋಚಿಸುತ್ತ ಕೂತವನು ಷಟ್ಪದಿಯ ಮಾತ್ರೆ ಎಣಿಸುವುದು ಕಷ್ಟ.

ನಿಮ್ಮನ್ನೊಬ್ಬರನ್ನೇ ಬೈದರೆ ಅನ್ಯಾಯವಾದೀತು. ಈ ರೋಗ ಚರ್ಚಿನ ಕಾಂಪೌಂಡಿನೊಳಗೆ ಹುಟ್ಟಿದ್ದಲ್ಲ. ನವೆಂಬರ್ ಬಂತೆಂದರೆ ನೋಡಿ: ರಾಜ್ಯೋತ್ಸವದ ಶಾಮಿಯಾನದವನಿಗೆ ಮುಂಗಡ, ಮೈಕ್‌ಸೆಟ್ಟಿನವನಿಗೆ ಮುಂಗಡ, ಊಟದ ಕಂಟ್ರಾಕ್ಟರಿಗಂತೂ ಕೈಮುಗಿದು ಮುಂಗಡ. ಹಾಡುವವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮೇಲೆ ಗಾಜಿನ ಚೌಕಟ್ಟು. ನನಗೆ ತಿಳಿದ ಗಾಯಕಿಯೊಬ್ಬರ ಬೀರುವಿನಲ್ಲಿ ಸೀರೆಗಿಂತ ಶಾಲೇ ಹೆಚ್ಚು. ಕರೆಂಟ್ ಬಿಲ್ಲಿಗೆ ಶಾಲು ತೆಗೆದುಕೊಳ್ಳುತ್ತಾರೆಯೇ ಎಂದು ಅವರೊಮ್ಮೆ ಕೇಳಿದರು, ನಗುತ್ತಲೇ. ಮದುವೆ ಮನೆಯಲ್ಲಿ ಗಂಟಲು ಹರಿಯುವಂತೆ ಓಲಗ ಊದಿದವರ ಹತ್ತಿರ ಐನೂರಕ್ಕೆ ಚೌಕಾಸಿ ಮಾಡುವವರು ಫೋಟೋದವನ ಲಕ್ಷಕ್ಕೆ ಚಕಾರ ಎತ್ತುವುದಿಲ್ಲ. ಸಂಗೀತ ಮಾತ್ರ ಪುಕ್ಕಟೆಯಾಗಿ ಬರಬೇಕು, ಸಂಗೀತಗಾರ ಮಾತ್ರ ಹಣದ ಮಾತಾಡಬಾರದು.

ನಿಮ್ಮ ಚರ್ಚಿನ ಎಲೆಕ್ಟ್ರಿಷಿಯನ್ ಬಂದಾಗ ಅವನ ಭಕ್ತಿ ವಿಚಾರಿಸುತ್ತೀರಾ? ವಿಚಾರಿಸಬೇಡಿ, ಫ್ಯೂಸ್ ಹಾಕದೆ ಹೋದಾನು.

ಎಂಟು ಸಾವಿರ ನಿಜಕ್ಕೂ ಹೆಚ್ಚಾದರೆ ಈ ವರ್ಷ ಆರು ಕೊಡಿ, ಆದರೆ ಮದುವೆ ಮತ್ತು ಅಂತ್ಯಕ್ರಿಯೆಗಳ ಸಂಭಾವನೆ ಬೇರೆ ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ. ವರ್ಷಕ್ಕೊಮ್ಮೆ ಏರಿಕೆ ಎಷ್ಟೆಂಬುದನ್ನೂ ಅಲ್ಲೇ ಸೇರಿಸಿ. ಪ್ರತಿ ಸಲ ಅವರು ಬಾಯಿಬಿಟ್ಟು ಕೇಳುವಂತಾಗಬಾರದು. ಸೂಚನೆಯನ್ನು ನೀವೇ ಮಂಡಿಸಿ. ಅನುಮೋದಿಸಲು ಕ್ವಾಯರಿನ ಬಾಸ್ ಸಾಲಿನಿಂದ (ಗಂಡಸರ ಕೆಳದನಿ) ಯಾರಾದರೂ ಎದ್ದೇ ಏಳುತ್ತಾರೆ.

— ಸಂ.