ಹುರಳಿ ಕಟ್ಟು ಚೆಲ್ಲಬೇಡ ತಮ್ಮಾ

ಈ ಸಲ ಬಂದ ಪತ್ರಗಳಲ್ಲಿ ಮೈ ದಣಿಸುವವರದ್ದೇ ಜಾಸ್ತಿ. ಓಡುವವರು, ಗಾಡಿಯಲ್ಲಿ ಊರು ಸುತ್ತುವವರು, ಜಿಮ್ಮಿಗೆ ಹೋಗುವವರು. ನಾನು ಡಯೆಟಿಷಿಯನ್ ಅಲ್ಲ. ಆಟಗಾರ ಹುಡುಗರಿದ್ದ ಒಂದು ಹಾಸ್ಟೆಲ್ಲಿನ ಅಡುಗೆಮನೆಯನ್ನು 22 ವರ್ಷ ನೋಡಿಕೊಂಡವಳು, ಅಷ್ಟೇ. ಈಗ ತ್ಯಾಗರಾಜನಗರದಲ್ಲಿ ಇಬ್ಬರಿಗೆ ಅಡುಗೆ. ಕೈ ಮಾತ್ರ ಇನ್ನೂ 80 ಜನರ ಅಳತೆ ಮರೆತಿಲ್ಲ. ಹಾಗಾಗಿ ಪಕ್ಕದ ಮನೆಗೆ ದಿನಾ ಸಾರು ಹೋಗುತ್ತದೆ.

ಅಕ್ಕ, ನನಗೆ 24 ವರ್ಷ, ತೂಕ 60 ಕೆಜಿ. ಫುಡ್ ಡೆಲಿವರಿ ಕೆಲಸ. ಬೆಳಿಗ್ಗೆ ಜಿಮ್ಮಿಗೆ ಹೋಗುತ್ತೇನೆ. ಪ್ರೋಟೀನ್ ಪೌಡರ್ ಕುಡಿಯದಿದ್ದರೆ ಮೈ ಬರಲ್ಲ ಅಂತಾರೆ. ಡಬ್ಬದ ರೇಟು ಕೇಳಿಯೇ ಸುಸ್ತಾಯಿತು. ರೂಮಲ್ಲಿ ಒಂದು ಇಂಡಕ್ಷನ್ ಒಲೆ, 3 ಲೀಟರ್ ಕುಕ್ಕರ್ ಇದೆ. ಮಿಕ್ಸಿ ಇಲ್ಲ. ಅನ್ನ ಮಾಡೋದು, ಮೊಟ್ಟೆ ಬೇಯಿಸೋದು ಬಿಟ್ಟರೆ ಏನೂ ಗೊತ್ತಿಲ್ಲ.
– ಊರಿಗೆಲ್ಲ ಊಟ ಹಂಚುವವನು, ಲಗ್ಗೆರೆ

ನಿನ್ನ ಸಹಿ ನೋಡಿ ಮೊದಲು ನಗು ಬಂತು, ಆಮೇಲೆ ಬೇಜಾರಾಯಿತು. ಬೆನ್ನ ಮೇಲೆ ಬಿರಿಯಾನಿ ಹೊತ್ತುಕೊಂಡು ಹಸಿದ ಹೊಟ್ಟೆಯಲ್ಲಿ ಮೂರು ಮಹಡಿ ಹತ್ತುತ್ತೀಯ, ಅಲ್ವಾ?

ಡಬ್ಬದ ಯೋಚನೆ ಬಿಡು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಹೊರತಂದ ಆಹಾರದ ಮಾರ್ಗಸೂಚಿಯಲ್ಲೇ ಮೈ ಬೆಳೆಸಲು ಪೌಡರ್ ಬೇಡ ಅಂದಿದ್ದಾರೆ. ಸಾಮಾನ್ಯವಾಗಿ ದೊಡ್ಡವರಿಗೆ ಒಂದು ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ನಿನ್ನ ತೂಕಕ್ಕೆ 50 ಗ್ರಾಂ ಆಯಿತು. ನೀನು ಭಾರ ಎತ್ತುವವನು, 70 ಅಂತ ಇಟ್ಟುಕೋ. ಈಗ ಲೆಕ್ಕ ಹಾಕು. 3 ಮೊಟ್ಟೆಗೆ 18. ಹಾಲು, ಮೊಸರು ಸೇರಿ ಅರ್ಧ ಲೀಟರಿಗೆ 16. ಹುರಳಿಕಾಳು 75 ಗ್ರಾಮಿಗೆ 16. ಒಂದು ಹಿಡಿ, ಅಂದರೆ 40 ಗ್ರಾಂ ಕಡಲೆಕಾಯಿ ಬೀಜಕ್ಕೆ 10. ಎರಡು ಹೊತ್ತು ಅನ್ನ ಉಣ್ಣುತ್ತೀಯಲ್ಲ, 150 ಗ್ರಾಂ ಅಕ್ಕಿಯಲ್ಲೇ 10 ಇದೆ. ಎಲ್ಲ ಸೇರಿ 70 ಬಂತು. ಇಷ್ಟಕ್ಕೂ ನೂರು ರೂಪಾಯಿ ದಾಟುವುದಿಲ್ಲ.

ಇದರಲ್ಲಿ ನಿನಗೆ ಗೊತ್ತಿಲ್ಲದ್ದು ಹುರಳಿ ಒಂದೇ. ಸರಿಯಾಗಿ ಕೇಳು. ಕಾಳನ್ನು ತಟ್ಟೆಯಲ್ಲಿ ಹರಡಿ ಕಲ್ಲು ಆರಿಸು. ಹುರಳಿಯಲ್ಲಿ ಹುರಳಿಯ ಬಣ್ಣದ್ದೇ ಕಲ್ಲಿರುತ್ತದೆ, ಕಳ್ಳ ಕಲ್ಲು. ಆತುರ ಮಾಡಿದರೆ ಹಲ್ಲಿಗೆ ಬರುತ್ತದೆ. ರಾತ್ರಿ ಡ್ಯೂಟಿ ಮುಗಿಸಿ ಬಂದವನು ಎರಡು ದಿನಕ್ಕಾಗುವಷ್ಟು, ಒಂದು ಲೋಟ ಕಾಳು ನೆನೆಹಾಕು. ಬೆಳಿಗ್ಗೆ ತೊಳೆದು ಕುಕ್ಕರಿಗೆ ಹಾಕಿ ನಾಲ್ಕು ಲೋಟ ನೀರು ಬಿಡು. ಕುಕ್ಕರಿನ ಅರ್ಧ ದಾಟಬಾರದು, ಹುರಳಿ ನೊರೆ ಉಕ್ಕಿಸುತ್ತದೆ. ಏಳು ವಿಷಲ್ ಬರಲಿ. ಹೊರಗೆ ನೋಡಲು ಗಟ್ಟಿ ಕಂಡರೂ ಬೆರಳಲ್ಲಿ ಒತ್ತಿದರೆ ಹಿಟ್ಟಾಗಬೇಕು.

ಈಗ ನೀರು ಬಸಿ. ಇದೇ ಹುರಳಿ ಕಟ್ಟು. ಕಂದು ಬಣ್ಣಕ್ಕಿರುತ್ತದೆ, ನೋಡೋಕೆ ಚಂದ ಇರಲ್ಲ. ನಮ್ಮ ಹಾಸ್ಟೆಲ್ಲಿಗೆ ಹೊಸದಾಗಿ ಬಂದ ಅಡುಗೆ ಹುಡುಗನೊಬ್ಬ ಗಲೀಜು ನೀರು ಅಂದುಕೊಂಡು ಒಂದು ಹಂಡೆ ಕಟ್ಟನ್ನು ಬಚ್ಚಲಿಗೆ ಸುರಿದಿದ್ದ. ಅವತ್ತು 80 ಜನ ಮಜ್ಜಿಗೆ ಅನ್ನ ಉಂಡರು. ನೀನು ಹಾಗೆ ಮಾಡಬೇಡ ತಮ್ಮಾ. ರುಚಿಯೆಲ್ಲ ಅದರಲ್ಲೇ ಇರುವುದು.

ಮಿಕ್ಸಿ ಇಲ್ಲ ಅಂತ ಬರೆದಿದ್ದೀಯ. ಹಾಗಾದರೆ ಬಸ್ಸಾರು ಬೇಡ, ಉಪ್ಸಾರು ಮಾಡು. ಮಂಡ್ಯದ ಕಡೆಯ ಗೆಳೆಯ ಯಾರಾದರೂ ಇದ್ದರೆ ಕೇಳು, ಬಾಯಲ್ಲಿ ನೀರು ಬರಿಸಿಕೊಂಡು ಹೇಳುತ್ತಾನೆ. ಕಟ್ಟಿಗೆ ಉಪ್ಪು ಹಾಕಿ ಒಂದು ಕುದಿ ಕುದಿಸು. ಅಷ್ಟೇ ಸಾರು. ಖಾರ ಬೇರೆ. ನಾಲ್ಕು ಹಸಿಮೆಣಸಿನಕಾಯಿ ಸುಟ್ಟೋ ಹುರಿದೋ ತಗೋ. ಆರೇಳು ಎಸಳು ಬೆಳ್ಳುಳ್ಳಿ, ಚಿಟಿಕೆ ಜೀರಿಗೆ, ಗೋಲಿಯಷ್ಟು ಹುಣಸೆಹಣ್ಣು, ಉಪ್ಪು ಸೇರಿಸಿ ಜಜ್ಜು. ಕುಟ್ಟಾಣಿ ಇಲ್ಲದಿದ್ದರೆ ಸ್ಟೀಲ್ ಬಟ್ಟಲಲ್ಲಿ ಹಾಕಿ ಲೋಟದ ತಳದಿಂದ ಕುಟ್ಟು. ಬಿಸಿ ಅನ್ನಕ್ಕೆ ಉಪ್ಸಾರು ಸುರಿದುಕೊಂಡು, ತಟ್ಟೆಯ ಅಂಚಿನಲ್ಲಿಟ್ಟ ಖಾರವನ್ನು ಬೇಕಾದಷ್ಟೇ ಕಲಸಿಕೋ. ಬಸಿದ ಕಾಳಿಗೆ ಸಾಸಿವೆ, ಈರುಳ್ಳಿ ಒಗ್ಗರಣೆ. ದಂಟಿನ ಸೊಪ್ಪೋ ಕೀರೆ ಸೊಪ್ಪೋ ಸಿಕ್ಕರೆ ಕಾಳು ಬೆಂದ ಮೇಲೆ ಅದೇ ನೀರಿಗೆ ಹಾಕಿ ಐದು ನಿಮಿಷ ಬೇಯಿಸಿ ಆಮೇಲೆ ಬಸಿ. ಒಂದೇ ಕುಕ್ಕರಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ರಾತ್ರಿ ಬಂದು ಬಿಸಿ ಮಾಡಿದರೆ ಬೆಳಿಗ್ಗೆಗಿಂತ ರುಚಿ. ಬೇಸಿಗೆಯಲ್ಲಿ ಮಾತ್ರ ಮಧ್ಯಾಹ್ನಕ್ಕೇ ಹಳಸುತ್ತದೆ, ಫ್ರಿಜ್ ಇಲ್ಲದಿದ್ದರೆ ಒಂದು ಹೊತ್ತಿಗಾಗುವಷ್ಟೇ ಮಾಡು. ಮೊದಲ ವಾರ ಕಾಳು ಕಮ್ಮಿ ತಿನ್ನು. ರೂಢಿ ಇಲ್ಲದ ಹೊಟ್ಟೆಗೆ ಹುರಳಿ ಗ್ಯಾಸ್ ಮಾಡುತ್ತದೆ, ಜಿಮ್ಮಲ್ಲಿ ಮರ್ಯಾದೆ ಹೋಗುತ್ತದೆ.

ಬ್ಯಾಗಲ್ಲಿ ಒಂದು ಪೊಟ್ಟಣ ಇರಲಿ: ಹುರಿದ ಕಡಲೆಕಾಯಿ ಬೀಜ, ಹುರಿಗಡಲೆ, ಎರಡು ತುಂಡು ಬೆಲ್ಲ. ಸಿಗ್ನಲ್ಲಲ್ಲಿ ನಿಂತಾಗ ಬಾಯಿಗೆ ಹಾಕಿಕೊಳ್ಳಬಹುದು. ರಾತ್ರಿ ಹನ್ನೊಂದಕ್ಕೆ ಗೋಬಿ ಮಂಚೂರಿ ಗಾಡಿ ಕಂಡರೂ ಬ್ರೇಕ್ ಹಿಡಿಯಬೇಕು ಅನ್ನಿಸಲ್ಲ.

ಮೇಡಂ, ನನ್ನ ಮಗಳಿಗೆ 13 ವರ್ಷ. 800 ಮೀಟರ್ ಓಡುತ್ತಾಳೆ. ಬೆಳಿಗ್ಗೆ 5.30ಕ್ಕೆ ಕಂಠೀರವ ಸ್ಟೇಡಿಯಂನಲ್ಲಿ ಪ್ರಾಕ್ಟೀಸ್, ಅಲ್ಲಿಂದ ಹಾಗೇ ಸ್ಕೂಲು. ಏನೂ ತಿನ್ನದೆ ಹೋಗುತ್ತಾಳೆ, ಹನ್ನೊಂದಕ್ಕೆಲ್ಲ ತಲೆನೋವು ಅಂತಾಳೆ. ನಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲ.
– ಒಬ್ಬ ತಾಯಿ, ವಿಲ್ಸನ್ ಗಾರ್ಡನ್

ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ಒಂದು ಸಲ ಕ್ರೀಡಾಕೂಟದ ದಿನ ಬೆಳಿಗ್ಗೆ ಹುಡುಗರಿಗೆ ಶಕ್ತಿ ಬರಲಿ ಅಂತ ಮೊಳಕೆ ಹುರಳಿ ಉಸ್ಲಿ ಹೊಟ್ಟೆ ತುಂಬ ಬಡಿಸಿದೆ. 800 ಮೀಟರ್ ಹುಡುಗ ಎರಡನೇ ಸುತ್ತಿನಲ್ಲಿ ಹೊಟ್ಟೆ ಹಿಡಿದುಕೊಂಡು ಟ್ರ್ಯಾಕ್ ಪಕ್ಕ ಕೂತುಬಿಟ್ಟ. ಅವನು ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ನನಗೆ ಜಾಸ್ತಿ ಚುಚ್ಚಿತು. ಕಾಳು, ಎಣ್ಣೆ, ತುಪ್ಪ ಹೊಟ್ಟೆಯಲ್ಲಿ ಹೆಚ್ಚು ಹೊತ್ತು ಕೂರುತ್ತವೆ. ಓಡುವ ಮುಂಚೆ ಅವು ಬೇಡ.

ಐದಕ್ಕೆ ಒಂದು ಏಲಕ್ಕಿ ಬಾಳೆಹಣ್ಣು, ಅರ್ಧ ಲೋಟ ನೀರು. ಹಟ ಮಾಡಿದರೆ ಅರ್ಧ ಹಣ್ಣಾದರೂ ತಿನ್ನಲಿ. ಪ್ರಾಕ್ಟೀಸ್ ಮುಗಿದ ತಕ್ಷಣ ನಿಜವಾದ ತಿಂಡಿ. ಅದಕ್ಕೆ ರಾಗಿ ಹುರಿಹಿಟ್ಟಿನಷ್ಟು ಸುಲಭದ್ದು ಇನ್ನೊಂದಿಲ್ಲ. ರಾಗಿ ಅರಳು ಹುರಿದು ಬೀಸಿದ ಹಿಟ್ಟಾದ್ದರಿಂದ ಮತ್ತೆ ಬೇಯಿಸುವ ಕೆಲಸವಿಲ್ಲ. ಡಬ್ಬಿಯಲ್ಲಿ ನಾಲ್ಕು ಚಮಚ ಹುರಿಹಿಟ್ಟು, ಬೆಲ್ಲದ ಪುಡಿ, ಕಾಯಿತುರಿ ಹಾಕಿ ಕಳಿಸಿ. ಕಾಯಿಸಿ ಆರಿಸಿದ ಹಾಲು ಬೇರೆ ಬಾಟಲಿಯಲ್ಲಿ ಇರಲಿ. ಅಲ್ಲೇ ಕಲಸಿಕೊಂಡು ತಿನ್ನಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೂಳೆ ಬೆಳೆಯುವ ವಯಸ್ಸಲ್ಲವೇ ಅವಳದ್ದು? ಇನ್ನೇನು ಬೇಕು.

ಮಧ್ಯಾಹ್ನದ ಡಬ್ಬಿಗೆ ಚಿತ್ರಾನ್ನ ಹಾಕಿದರೂ ಪರವಾಗಿಲ್ಲ. ಆದರೆ ಕಡಲೆಕಾಯಿ ಬೀಜವನ್ನು ಮದುವೆ ಮನೆಯವರ ಹಾಗೆ ಎಣಿಸಿ ಹಾಕಬೇಡಿ, ಒಂದು ಹಿಡಿ ಹಾಕಿ. ಪಕ್ಕದಲ್ಲಿ ಹೆಸರುಬೇಳೆ ಕೋಸಂಬರಿ, ಮೊಸರು. ಸಬ್ಬಸಿಗೆ ಸೊಪ್ಪಿನ ಅಕ್ಕಿ ರೊಟ್ಟಿಯೂ ಆಗುತ್ತದೆ. ಸೊಪ್ಪಿನ ಜೊತೆ ನಿಂಬೆಹಣ್ಣು ಹಿಂಡಿ, ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಸೇರುತ್ತದೆ. ಊಟದ ಹಿಂದೆ ಮುಂದೆ ಕಾಫಿ, ಟೀ ಬೇಡ. ಇಷ್ಟೆಲ್ಲ ಮಾಡಿಯೂ ಸುಸ್ತು, ತಲೆಸುತ್ತು ಇದ್ದರೆ ಡಾಕ್ಟರ ಹತ್ತಿರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಅದನ್ನು ಅಡುಗೆಮನೆಯಲ್ಲಿ ಕೂತು ಊಹೆ ಮಾಡುವುದು ಬೇಡ.

ವಯಸ್ಸು 58. ದಿನಾ ಲಾಲ್‌ಬಾಗಿನಲ್ಲಿ ಒಂದು ಗಂಟೆ ನಡೆಯುತ್ತೇನೆ. ಆಮೇಲೆ ಗೆಳೆಯರ ಜೊತೆ ಒಂದು ಮಸಾಲೆ ದೋಸೆ. ವರ್ಷವಾದರೂ ತೂಕ ಇಳಿದಿಲ್ಲ. ಯಾಕಿರಬಹುದು?
– ನಿವೃತ್ತರು, ಜಯನಗರ

ಉತ್ತರ ನಿಮ್ಮ ಪ್ರಶ್ನೆಯ ಮೂರನೇ ವಾಕ್ಯದಲ್ಲಿದೆ ಸಾರ್. ದೋಸೆಯ ಮೇಲೆ ನನಗೇನೂ ಸಿಟ್ಟಿಲ್ಲ, ಭಾನುವಾರ ತಿನ್ನಿ, ನಾನೂ ತಿನ್ನುತ್ತೇನೆ. ಉಳಿದ ಆರು ದಿನ ಮನೆಗೆ ಬಂದು ಹೆಸರುಕಾಳು ಉಸ್ಲಿಯೋ, ಅರ್ಧಕ್ಕರ್ಧ ತರಕಾರಿ ಇರುವ ಉಪ್ಪಿಟ್ಟೋ ತಿನ್ನಿ. ಗೆಳೆಯರನ್ನು ಬಿಡಬೇಡಿ, ಕಾಫಿಗೆ ನಿಲ್ಲಿಸಿ.

ಹೋದ ಸಂಚಿಕೆಯಲ್ಲಿ ನೀವು ಹೇಳಿದಿರಿ ಅಂತ ಮುದ್ದೆ ಮಾಡಿದೆ. ಬರೀ ಗಂಟು. ಮನೆಯವರು ಗೋಲಿ ಆಡಬಹುದು ಅಂತ ನಕ್ಕರು.
– ಗೃಹಿಣಿ, ರಾಜಾಜಿನಗರ

ನಗುವವರ ಕೈಗೆ ಮುದ್ದೆಕೋಲು ಕೊಡಿ, ತಿರುವಲು ತೋಳಿನ ಬಲ ಬೇಕು. ನೀವು ಬಹುಶಃ ಹಿಟ್ಟು ಹಾಕಿದ ಕೂಡಲೇ ತಿರುವಿರಬೇಕು. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಅದಕ್ಕೇ ಹಾಕಿ ಕುದಿಸಿ. ಮಿಕ್ಕ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಮುಟ್ಟಬೇಡಿ. ಸಣ್ಣ ಉರಿಯಲ್ಲಿ ಐದು ನಿಮಿಷ ನೀರು ಸುತ್ತಲೂ ಕೊತಕೊತ ಕುದಿಯಲಿ. ಆಮೇಲೆ ಪಾತ್ರೆ ಇಳಿಸಿ, ಕಾಲಲ್ಲಿ ಒತ್ತಿ ಹಿಡಿದು, ಅಂಚಿಗೆ ಉಜ್ಜುತ್ತಾ ತಿರುವಿ. ಮತ್ತೆ ಎರಡು ನಿಮಿಷ ಮುಚ್ಚಿಟ್ಟು, ಕೈ ಒದ್ದೆ ಮಾಡಿಕೊಂಡು ಕಟ್ಟಿ. ಮೂರನೇ ಸಲಕ್ಕೆ ಬರುತ್ತದೆ. ನನಗೆ ಐದನೇ ಸಲಕ್ಕೆ ಬಂತು.

ಮಾರತ್ತಹಳ್ಳಿಯಲ್ಲಿ ಪಿಜಿಯಲ್ಲಿದ್ದೇನೆ. ಸಂಜೆ ಶಟಲ್ ಆಡಿ ಬರುವಾಗ ಎಂಟೂವರೆ, ಊಟ ಖಾಲಿ. ನನ್ನ ಹತ್ತಿರ ಒಂದು ಎಲೆಕ್ಟ್ರಿಕ್ ಕೆಟಲ್ ಬಿಟ್ಟು ಏನೂ ಇಲ್ಲ.
– ಹಸಿದವಳು

ಕೆಟಲ್ ಇದ್ದರೆ ಅರ್ಧ ಅಡುಗೆಮನೆ ಇದ್ದಂತೆ ಮಗಳೇ. ಗಟ್ಟಿ ಅವಲಕ್ಕಿ ತೊಳೆದು ಮೊಸರಲ್ಲಿ ಹತ್ತು ನಿಮಿಷ ನೆನೆಸು. ಉಪ್ಪು, ಹಸಿಮೆಣಸಿನಕಾಯಿ, ಹೆಚ್ಚಿದ ಸೌತೆಕಾಯಿ, ಮೇಲೆ ಹುರಿಗಡಲೆ. ಆಟಕ್ಕೆ ಹೋಗುವ ಮುಂಚೆ ತೊಳೆದು ಡಬ್ಬಿಗೆ ಹಾಕಿಟ್ಟರೆ ಬಂದು ಮೊಸರು ಕಲಸುವುದಷ್ಟೇ ಕೆಲಸ. ಮೊಟ್ಟೆ ತಿನ್ನುವುದಾದರೆ ಎರಡು ಮೊಟ್ಟೆ ಮುಳುಗುವಷ್ಟು ನೀರು ಹಾಕಿ ಕೆಟಲ್ ಆನ್ ಮಾಡು. ತಾನಾಗಿ ಆಫ್ ಆದ ಮೇಲೆ ಇನ್ನೊಮ್ಮೆ ಒತ್ತಿ, ಮುಚ್ಚಳ ತೆಗೆಯದೆ 12 ನಿಮಿಷ ಬಿಡು. ಆಮೇಲೆ ಕೆಟಲನ್ನು ಸೋಪು ಹಾಕಿ ತೊಳೆದಿಡು. ಬೆಳಿಗ್ಗೆ ರೂಮ್‌ಮೇಟ್ ಅದರಲ್ಲೇ ಕಾಫಿಗೆ ನೀರು ಕಾಯಿಸುತ್ತಾಳೆ.