ಇಳಿಯುತ್ತಿದ್ದ ವಿಮಾನ ಮತ್ತೆ ಮೇಲಕ್ಕೇಕೆ ಏರುತ್ತದೆ?

ರನ್‌ವೇ ಕಣ್ಣೆದುರಿಗೇ ಇರುವಾಗ ವಿಮಾನ ಜೋರಾಗಿ ಸದ್ದು ಮಾಡಿ ಮೇಲೇರಿದರೆ ಅದು ಅಪಾಯವೇ ಎಂಬುದು ನಿಮ್ಮ ಪ್ರಶ್ನೆ. ಅಲ್ಲ. ಇದು ಗೋ-ಅರೌಂಡ್, ಅಂದರೆ ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವುದು; ಪೈಲಟ್‌ಗಳು ಸಿಮ್ಯುಲೇಟರಿನಲ್ಲಿ ಪದೇ ಪದೇ ಅಭ್ಯಾಸ ಮಾಡುವ ಕ್ರಮ.

ಇದಕ್ಕೆ ಕಾರಣ ಹಲವು: ಮೊದಲು ಇಳಿದ ವಿಮಾನ ಇನ್ನೂ ರನ್‌ವೇ ಬಿಟ್ಟಿರುವುದಿಲ್ಲ, ಗಾಳಿ ದಿಢೀರನೆ ದಿಕ್ಕು ಬದಲಿಸುತ್ತದೆ, ಮಂಜಿನಲ್ಲಿ ದೀಪ ಕಾಣುವುದಿಲ್ಲ. ಆದರೆ ಮುಖ್ಯವಾದದ್ದು ಇನ್ನೊಂದು: ವೇಗ, ಎತ್ತರ, ಇಳಿಯುವ ದರ ಹದದಲ್ಲಿ ಇಲ್ಲದಿರುವುದು. ಸಾಮಾನ್ಯವಾಗಿ ಮೋಡವಿದ್ದಾಗ 1000 ಅಡಿ, ತಿಳಿಯಾಗಿದ್ದರೆ 500 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ಎಲ್ಲವೂ ಸರಿಯಿರಬೇಕು. ಇಲ್ಲದಿದ್ದರೆ ಇಳಿಯುವಂತಿಲ್ಲ.

ಆಗ ಪೈಲಟ್ ಎಂಜಿನ್ ಶಕ್ತಿ ಹೆಚ್ಚಿಸಿ ಮೂತಿಯನ್ನು ಸುಮಾರು 15 ಡಿಗ್ರಿ ಎತ್ತುತ್ತಾರೆ, ಇಳಿಯಲೆಂದು ರೆಕ್ಕೆಯ ಹಿಂದೆ ಚಾಚಿದ್ದ ಫ್ಲಾಪ್ ಹಲಗೆಗಳನ್ನು ಸ್ವಲ್ಪ ಒಳಗೆಳೆಯುತ್ತಾರೆ. ವಿಮಾನ ಏರುತ್ತಿರುವುದು ಖಚಿತವಾದ ಮೇಲಷ್ಟೇ ಚಕ್ರ ಮಡಚುತ್ತಾರೆ. ನಿಮಗೆ ಕೇಳುವ 'ಗಡಗಡ' ಸದ್ದು ಅದೇ.

ಚಕ್ರ ನೆಲ ಮುಟ್ಟಿದ ಮೇಲೂ ಹೀಗೆ ಏರಬಹುದು. ಆದರೆ ವೇಗ ತಗ್ಗಿಸಲು ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ರಿವರ್ಸರ್ ತೆರೆದರೆ ಮುಗಿಯಿತು, ನಿಲ್ಲಿಸಲೇಬೇಕು. ರಿವರ್ಸರ್ ಮತ್ತೆ ಪೂರ್ತಿ ಮುಚ್ಚಿಕೊಳ್ಳುತ್ತದೆಂಬ ಖಾತರಿ ಇಲ್ಲ, ಉಳಿದ ರನ್‌ವೇಯೂ ಸಾಲದೆ ಹೋಗಬಹುದು.

2010ರ ಮೇ 22ರಂದು ಮಂಗಳೂರಿನಲ್ಲಿ ಆದದ್ದು ಇದೇ. ಬೋಯಿಂಗ್ 737 ಸುಮಾರು 8000 ಅಡಿಯ ರನ್‌ವೇಯಲ್ಲಿ 5200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು. ಸಹಪೈಲಟ್ ಮೂರು ಬಾರಿ ಗೋ-ಅರೌಂಡ್ ಎಂದಿದ್ದರು. ರಿವರ್ಸರ್ ತೆರೆದ ನಂತರ ಮತ್ತೆ ಏರಲು ಯತ್ನಿಸಿದ ವಿಮಾನ ಗುಡ್ಡದಂಚಿನಿಂದ ಕೆಳಗುರುಳಿ, 166 ಜನರಲ್ಲಿ 158 ಮಂದಿ ತೀರಿಕೊಂಡರು.