ಪಳೆಯುಳಿಕೆಯ ವಯಸ್ಸನ್ನು ಕಾರ್ಬನ್ ಡೇಟಿಂಗ್‌ನಿಂದಲೇ ಹೇಳುತ್ತಾರಾ?

ಇಲ್ಲ. ಅದರಲ್ಲಿ ಅಳೆಯುವುದು ಕಾಲಕ್ರಮೇಣ ತಾನಾಗಿ ಕ್ಷಯಿಸುವ ಕಾರ್ಬನ್-14 ಅನ್ನು; ಅದರ ಆಟ ಸುಮಾರು 50,000 ವರ್ಷಕ್ಕೆ ಮುಗಿಯುತ್ತದೆ. ಕೋಟಿಗಟ್ಟಲೆ ವರ್ಷದ ಲೆಕ್ಕಕ್ಕೆ ಪಳೆಯುಳಿಕೆಯನ್ನಲ್ಲ, ಅದರ ಮೇಲೆ ಕೆಳಗೆ ಸಿಗುವ ಜ್ವಾಲಾಮುಖಿ ಬೂದಿಯ ಪದರಗಳನ್ನು ಅಳೆಯುತ್ತಾರೆ.

ಬೂದಿಯಲ್ಲಿ ಜಿರ್ಕಾನ್ ಎಂಬ ಹರಳಿರುತ್ತದೆ, ಸಾಮಾನ್ಯವಾಗಿ 0.1 ಮಿ.ಮೀ. ಆಸುಪಾಸು. ಹುಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಈಗ ಅದರಲ್ಲಿರುವ ಸೀಸ ಬಹುಮಟ್ಟಿಗೆ ಯುರೇನಿಯಂ ಕ್ಷಯಿಸಿ ಆದದ್ದೇ. ಕಲ್ಲನ್ನು ಪುಡಿಮಾಡಿ, ಭಾರದ ದ್ರವ ಮತ್ತು ಅಯಸ್ಕಾಂತದಿಂದ ಹರಳು ಬೇರ್ಪಡಿಸಿ, ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಡುತ್ತಾರೆ. ಇಲ್ಲಿ ಗಡಿಯಾರ ಎರಡು: ಯುರೇನಿಯಂ-238ರ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) 447 ಕೋಟಿ ವರ್ಷ, ಯುರೇನಿಯಂ-235ರದ್ದು ಸುಮಾರು 70 ಕೋಟಿ. ಎರಡೂ ಒಂದೇ ವಯಸ್ಸು ಹೇಳದಿದ್ದರೆ ಸೀಸ ಸೋರಿರುವ ಶಂಕೆ. ಅದಕ್ಕೇ ಹರಳನ್ನು ಮೊದಲು 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿ, ವಿಕಿರಣದಿಂದ ಹಾಳಾದ ಭಾಗವನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕರಗಿಸಿಬಿಡುತ್ತಾರೆ.

ಹೆಚ್ಚು ಎಡವಟ್ಟಾಗುವುದು ಮರಳುಗಲ್ಲಿನಲ್ಲಿ. ಅದರಲ್ಲಿನ ಜಿರ್ಕಾನ್ ಬೇರೆಲ್ಲಿಂದಲೋ ಕೊಚ್ಚಿ ಬಂದದ್ದು. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸುಮಾರು 300 ಕೋಟಿ ವರ್ಷದ ಶಿಲೆಯೊಳಗೆ 440 ಕೋಟಿ ವರ್ಷದ ಹರಳು ಸಿಕ್ಕಿದೆ! ಅಂಥ ಹರಳು ಕೊಡುವುದು ಗರಿಷ್ಠ ಮಿತಿ ಮಾತ್ರ. ಶಿಲೆ ಅದಕ್ಕಿಂತ ಹಳೆಯದಾಗಿರಲಾರದು, ಅಷ್ಟೇ.

ಅದೃಷ್ಟವಿದ್ದರೆ ಬೂದಿಯೇ ಜೀವಿಗಳನ್ನು ಹೂತಿರುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಮಿಸ್ಟೇಕನ್ ಪಾಯಿಂಟ್‌ನಲ್ಲಿ ಮೆತ್ತನೆ ದೇಹದ ಜೀವಿಗಳ ಮೇಲೆಯೇ ಬೂದಿ ಬಿದ್ದಿದೆ. ಅವುಗಳ ವಯಸ್ಸು ಸುಮಾರು 56.5 ಕೋಟಿ ವರ್ಷ.